ಹೊಸ ಗಾಳಕ್ಕೂ ಅರ ಹಿಡಿಯಬೇಕೇ?

ಪ್ರಶ್ನೆ: ಫ್ಲೈ ಫಿಶಿಂಗ್, ಅಂದರೆ ಪುಕ್ಕ, ನೂಲು ಸುತ್ತಿ ಹುಳುವಿನಂತೆ ಮಾಡಿದ ಗಾಳವನ್ನು (ಫ್ಲೈ) ಬೀಸಿ ಮೀನು ಹಿಡಿಯುವುದನ್ನು, ಶುರು ಮಾಡಿ ಒಂದು ಸೀಸನ್ ಆಯಿತು. ಮೀನು ಫ್ಲೈಗೆ ಬಾಯಿ ಹಾಕಿದ್ದು ಕೈಗೆ ಗೊತ್ತಾಗುತ್ತದೆ, ಎಳೆದ ಕೂಡಲೇ ಕಳಚಿಕೊಂಡು ಹೋಗುತ್ತದೆ. ಗಾಳ ಪ್ಯಾಕೆಟ್‌ನಿಂದ ತೆಗೆದ ಹೊಸದೇ. ಅದಕ್ಕೂ ಅರ ಹಿಡಿಯಬೇಕೇ? ಎಷ್ಟು ದಿನಕ್ಕೊಮ್ಮೆ?

ಉತ್ತರ: ಪ್ಯಾಕೆಟ್‌ನಿಂದ ತೆಗೆದಾಗ ಬಹುಶಃ ಬೇಕಾಗಿರಲಿಲ್ಲ. ನದಿಗಿಳಿದು ಅರ್ಧ ಗಂಟೆಯಾದ ಮೇಲೆ ಆ ಮೊನೆ ಹೊಸದಾಗಿಯೇ ಉಳಿದಿದೆಯೇ ಎನ್ನುವುದು ಬೇರೆ ಮಾತು. ಇಲ್ಲಿ ದಿನದ ಲೆಕ್ಕ ನಡೆಯುವುದಿಲ್ಲ. ಕಲ್ಲಿಗೆ ತಾಗಿತು ಅನ್ನಿಸಿದಾಗಲೆಲ್ಲ ನೋಡಬೇಕು.

ಎರೆಹುಳು ಚುಚ್ಚಿಯೋ ರಾಗಿ ಉಂಡೆ ಕಟ್ಟಿಯೋ ಹಾಕಿದ ಗಾಳ ನೀರಲ್ಲಿ ತನ್ನ ಪಾಡಿಗೆ ಕೂತಿರುತ್ತದೆ. ಫ್ಲೈ ಪ್ರತಿ ಸಲವೂ ಮೊದಲು ನಿಮ್ಮ ಬೆನ್ನ ಹಿಂದಕ್ಕೆ ಹಾರುತ್ತದೆ, ಆಮೇಲೆ ಮುಂದಕ್ಕೆ. ಹಿಂದೆ ಏರು ದಂಡೆಯೋ ಬಂಡೆಯೋ ಇದ್ದು, ದಾರ ಸ್ವಲ್ಪ ತಗ್ಗಿದರೆ ಮುಗಿಯಿತು. ಕಾವೇರಿ ಪಾತ್ರದ ಬಂಡೆಗಳಾಗಲಿ, ಹಿಮಾಚಲದ ತೀರ್ಥನ್ ನದಿಯ ಉರುಟು ಕಲ್ಲುಗಳಾಗಲಿ, ಒಂದೇ ಏಟಿಗೆ ಮೊನೆಯನ್ನು ಮಡಚಿಬಿಡುತ್ತವೆ. ಕೆಲವೊಮ್ಮೆ ಮೊನೆ ಮುರಿದೇ ಹೋಗಿರುತ್ತದೆ. ಪುಕ್ಕ, ನೂಲು ಎಲ್ಲ ನೆಟ್ಟಗಿರುವುದರಿಂದ ಗೊತ್ತೇ ಆಗುವುದಿಲ್ಲ, ಆ ಮೊಂಡು ಗಾಳವನ್ನೇ ಬೀಸುತ್ತಾ ನಿಂತಿರುತ್ತೇವೆ. ನಿಮ್ಮ ಮೀನುಗಳನ್ನು ಕಳಚಿದ್ದು ಇದೇ ಇರಬೇಕೆಂದು ನನಗೆ ಅನುಮಾನ.

ಇನ್ನೊಂದು ಕಾರಣ ಫ್ಲೈ ರಾಡ್‌ನ ಸ್ವಭಾವ. ಅದು ಬಾಗುವುದಕ್ಕೆಂದೇ ಮಾಡಿದ ಕೋಲು. ನೀವು ಎಳೆದ ಬಲದಲ್ಲಿ ಒಂದಷ್ಟನ್ನು ಅದೇ ನುಂಗುತ್ತದೆ, ದಾರಕ್ಕೂ ಫ್ಲೈಗೂ ನಡುವೆ ಕಟ್ಟುವ ನೈಲಾನ್ ಎಳೆ, ಅಂದರೆ ಲೀಡರ್, ಹಿಗ್ಗಿ ಇನ್ನಷ್ಟನ್ನು ನುಂಗುತ್ತದೆ. ಹಾಗೆಂದು ಜೋರಾಗಿ ಜಗ್ಗಿದರೆ ತುದಿಯ ಸಣ್ಣ ಎಳೆ ತುಂಡಾಗುತ್ತದೆ. ಗಾಳದವರೆಗೆ ತಲುಪುವ ಅಷ್ಟಿಷ್ಟು ಬಲಕ್ಕೇ ಅದು ಒಳಹೋಗಬೇಕು. ಟ್ರೌಟ್ ಮೀನಿನ ಬಾಯಿಗಾದರೆ ಹೇಗೋ ನಡೆದೀತು. ನಮ್ಮ ಬಿಳಿಮೀನಿನ, ಅಂದರೆ ಮಹಶೀರ್‌ನ ದಪ್ಪ ತುಟಿ ತೊಗಲಿನಷ್ಟು ಗಟ್ಟಿ, ಅಲ್ಲಿ ಮೊಂಡು ಮೊನೆ ಸುಮ್ಮನೆ ಜಾರುತ್ತದೆ.

ಪರೀಕ್ಷೆ ಸುಲಭ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟು, ಒತ್ತದೆ, ಗಾಳದ ಭಾರದಷ್ಟೇ ಬಿಟ್ಟು ಮೆಲ್ಲಗೆ ಎಳೆಯಿರಿ. ಚೂಪಿದ್ದರೆ ಇಟ್ಟಲ್ಲೇ ಕಚ್ಚಿ ನಿಲ್ಲುತ್ತದೆ, ಎಳೆದರೆ ಬಿಳಿ ಗೀರು ಬೀಳುತ್ತದೆ. ಮೊಂಡಾಗಿದ್ದರೆ ಉಗುರಿನ ಮೇಲೆ ಜಾರಿ ಹೋಗುತ್ತದೆ. ಬಿಸಿಲಿಗೆ ಹಿಡಿದೂ ನೋಡಬಹುದು: ಮೊನೆಯ ತುದಿಯಲ್ಲಿ ಚುಕ್ಕೆಯಷ್ಟು ಬೆಳಕು ಹೊಳೆದರೆ ಅಲ್ಲಿ ಚಪ್ಪಟೆಯಾಗಿದೆ ಎಂದೇ ಅರ್ಥ.

ಇನ್ನು ಅರದ ವಿಷಯ. ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು ಎನ್ನುವುದು ನಿಮಗೆ ಗೊತ್ತಿದ್ದೇ ಇದೆ. 14, 16 ನಂಬರಿನ ಟ್ರೌಟ್ ಫ್ಲೈಗಳ ತಂತಿ ಎಷ್ಟು ಸಣ್ಣದೆಂದರೆ, ಅರ ಎರಡು ಸಲ ಆಡಿದರೆ ಮೊನೆಯೇ ಉಳಿಯುವುದಿಲ್ಲ. ಅಂಥದ್ದನ್ನು ಬದಲಿಸಿಬಿಡಿ. ಫ್ಲೈ ಕಟ್ಟಿದ ಶ್ರಮ ನೆನೆದು ಹೊಟ್ಟೆ ಉರಿಯುತ್ತದೆ, ನಿಜ. ಅದಕ್ಕೇ ಉಗುರಿನ ಪರೀಕ್ಷೆಯನ್ನು ನೂಲು ಸುತ್ತುವ ಮೊದಲೇ ಮಾಡುವುದು, ಫ್ಲೈ ಕಟ್ಟುವಾಗ ಗಾಳವನ್ನು ಹಿಡಿದಿಡುವ ವೈಸ್‌ನ ದವಡೆಯನ್ನು ಗಾಳದ ಬಾಗಿಗೆ ಮಾತ್ರ ಕಚ್ಚಿಸಿ ಮೊನೆಯನ್ನು ಹೊರಗೆ ಬಿಡುವುದು ಒಳ್ಳೆಯದು.

1/0, 2/0 ಅಳತೆಯ (ಇಲ್ಲಿ ಲೆಕ್ಕ ತಿರುವುಮುರುವು, ನಂಬರ್ ಏರಿದಂತೆ ಗಾಳವೂ ದೊಡ್ಡದು) ದೊಡ್ಡ ಗಾಳಗಳಿಗೆ ಅರ ಧಾರಾಳವಾಗಿ ನಡೆಯುತ್ತದೆ. ನುಣ್ಣನೆಯ ಚಪ್ಪಟೆ ಅರವೋ ಡೈಮಂಡ್ ಅರವೋ ಸಾಕು. ಇಕ್ಕಳದಿಂದ ಗಾಳದ ಕಡ್ಡಿಯನ್ನು ಭದ್ರವಾಗಿ ಹಿಡಿದು, ಮೊನೆ ನಿಮ್ಮಿಂದ ಆಚೆಗೆ ಇರಲಿ. ಅರವನ್ನು ಮೊನೆಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ, ತೀರಾ ಸ್ವಲ್ಪ ಓರೆಯಾಗಿ ಇಟ್ಟು, ಒಂದು ಪಕ್ಕಕ್ಕೆ ಮೂರು ನಾಲ್ಕು ಸಲ, ಮತ್ತೊಂದು ಪಕ್ಕಕ್ಕೆ ಅಷ್ಟೇ ಸಲ, ಕೊನೆಗೆ ಹೊರಮೈಗೆ ಒಂದೆರಡು ಸಲ ಆಡಿಸಿ. ದುಂಡಗಿದ್ದ ಮೊನೆ ಮೂರು ಮುಖದ್ದಾಗುತ್ತದೆ, ಅಂಚುಗಳು ಕೊಯ್ಯುತ್ತಾ ಒಳಹೋಗುತ್ತವೆ. ಹಿಂದೆ ಮುಂದೆ ಉಜ್ಜಬೇಡಿ, ಒಂದೇ ದಿಕ್ಕಿಗೆ ಆಡಿಸಿ. ನಾನು ಮೊನೆಯಿಂದ ಬಾಗಿನ ಕಡೆಗೆ ಆಡಿಸುತ್ತೇನೆ, ತುದಿಯಲ್ಲಿ ಕಬ್ಬಿಣದ ಸಿಬರು ಉಳಿಯುವುದು ಕಡಿಮೆ. ತದ್ವಿರುದ್ಧ ದಿಕ್ಕಿಗೇ ಆಣೆ ಹಾಕುವವರೂ ಇದ್ದಾರೆ, ಅವರ ಗಾಳವೂ ಕಚ್ಚುತ್ತದೆ. ತೀರಾ ಸೂಜಿಯಂತೆ ಮಾಡಲು ಹೋದರೆ ಮಾತ್ರ ತೊಂದರೆ: ಮೀನಿನ ದವಡೆಯ ಮೂಳೆಗೆ ತಾಗಿದೊಡನೆ ಮೊನೆ ಸುರುಟಿಕೊಳ್ಳುತ್ತದೆ.

ಈಗ ಬರುವ ಒಳ್ಳೆಯ ಗಾಳಗಳು ಬಹುಪಾಲು ಕೆಮಿಕಲಿ ಶಾರ್ಪನ್ಡ್. ಯಂತ್ರದಲ್ಲಿ ಅರೆದ ಮೇಲೆ ಆಮ್ಲದಲ್ಲಿ ಅದ್ದಿ, ಅರೆದ ಗೀರುಗಳನ್ನೆಲ್ಲ ಕರಗಿಸಿ ಮೊನೆಯನ್ನು ನಯ ಮಾಡಿರುತ್ತಾರೆ. ಆ ಮೊದಲ ನಯ ಅರದಿಂದ ವಾಪಸ್ ಬರುವುದಿಲ್ಲ, ಮೀನು ಹಿಡಿಯುವಷ್ಟು ಚೂಪು ಬರುತ್ತದೆ. ಹಾಗಾಗಿ ಹೊಸದಕ್ಕೆ ಸುಮ್ಮನೆ ಅರ ಹಿಡಿದು ಕೆಡಿಸಬೇಡಿ.

ಅರ ಆಡಿದ ಜಾಗದಲ್ಲಿ ಲೇಪ ಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಒದ್ದೆ ಫ್ಲೈಗಳನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಮಳೆಗಾಲದಲ್ಲಂತೂ ಮುಂದಿನ ಸಲ ತೆರೆಯುವಾಗ ಕಂದು ಚುಕ್ಕೆಗಳು ಕಾದಿರುತ್ತವೆ. ಮನೆಗೆ ಬಂದು ಡಬ್ಬಿ ತೆರೆದಿಟ್ಟು ಪೂರಾ ಒಣಗಿಸಿ. ಸಮುದ್ರದಲ್ಲಿ ಹಾಕಿದ್ದನ್ನು ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ಮೊನೆಯಲ್ಲಿ ತುಕ್ಕು ಗುಂಡಿ ಬಿದ್ದಿದ್ದರೆ ಆ ಗಾಳದ ಆಸೆ ಬಿಡಿ.

ಮೀನನ್ನು ಹಿಡಿದು ಬಿಡುವವರು ಗಾಳದ ಹಿಮ್ಮುಳ್ಳನ್ನು, ಅಂದರೆ ಬಾರ್ಬನ್ನು, ಇಕ್ಕಳದಿಂದ ಒತ್ತಿ ಮಲಗಿಸುತ್ತಾರೆ. ಅದರಿಂದ ಗಾಳ ಒಳಹೋಗುವುದೂ ಹಗುರವಾಗುತ್ತದೆ, ಬಿಡಿಸುವುದೂ ಬೇಗ. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಹಾಗಾಗಿ ಮಹಶೀರ್‌ಗೆ ಹಿಮ್ಮುಳ್ಳಿನ ಗಾಳ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ.

ಉಗುರಿಗೆ ಗಾಳ ಕಚ್ಚುತ್ತಿದ್ದೂ ಮೀನು ಕಳಚುತ್ತಿದ್ದರೆ ನಿಮ್ಮ ಎಳೆತವನ್ನು ಗಮನಿಸಿ. ನೀರೊಳಗೆ ಎಳೆಯುವ ಸ್ಟ್ರೀಮರ್ ಫ್ಲೈಗೆ ಮೀನು ಬಾಯಿ ಹಾಕಿದಾಗ ರಾಡ್ ಎತ್ತಿದರೆ ಬಾಗು ಎಲ್ಲ ಬಲವನ್ನೂ ತಿನ್ನುತ್ತದೆ. ರಾಡನ್ನು ಮೀನಿನ ಕಡೆಗೇ ನೇರ ಚಾಚಿ, ಎಡಗೈಯಲ್ಲಿರುವ ದಾರವನ್ನು ಸರಕ್ಕನೆ ಹಿಂದಕ್ಕೆ ಎಳೆಯಿರಿ. ಬಿಗಿ ಸಿಕ್ಕಿದ ಮೇಲೆ ರಾಡ್ ಎತ್ತಿ.