ಹಳೇ ಮಾನಿಟರಿಂಗ್ ಏಜೆಂಟ್ ತೆಗೆಯೋಕೆ ಅನ್‌ಇನ್‌ಸ್ಟಾಲ್ ಒಂದೇ ಸಾಕಾ?

ಪ್ರಶ್ನೆ: ನಾನು ಈಗ ನೋಡಿಕೊಳ್ಳುತ್ತಿರುವ ಲಿನಕ್ಸ್ ಸರ್ವರ್‌ನಲ್ಲಿ ಮೊದಲಿದ್ದವರು ಎರಡು ಮೂರು ಮಾನಿಟರಿಂಗ್ ಏಜೆಂಟ್ (ಸರ್ವರ್‌ನ ಸ್ಥಿತಿ ಗಮನಿಸಿ ಬೇರೆ ಕಡೆಗೆ ತಿಳಿಸುವ ಪ್ರೋಗ್ರಾಂ) ಹಾಕಿ ಹೋಗಿದ್ದಾರೆ. ಯಾವುದು ಬಳಕೆಯಲ್ಲಿದೆಯೋ ಗೊತ್ತಿಲ್ಲ. ಬೇಡದ್ದನ್ನು ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕಾ?

ಸಾಲದು. ಏಜೆಂಟ್ ಓಡುತ್ತಿದೆಯಾ ಅಂತ ತಿಳಿಯೋದು ಸುಲಭ. ಅದರ ಮಾಹಿತಿ ಯಾರಿಗಾದರೂ ಹೋಗುತ್ತಿದೆಯಾ ಅನ್ನೋದನ್ನು ಮೊದಲು ಪತ್ತೆ ಮಾಡಬೇಕು.

ರೂಟ್ ಆಗಿ ಎಸ್‌ಎಸ್ ಕಮಾಂಡ್ ಓಡಿಸಿ, ಯಾವ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಂ ಕೂತಿದೆ ನೋಡಿ. ಸಾಮಾನ್ಯವಾಗಿ ಜ್ಯಾಬಿಕ್ಸ್ ಏಜೆಂಟ್ 10050ರಲ್ಲಿ, ನ್ಯಾಗಿಯೋಸ್‌ನ ಎನ್‌ಆರ್‌ಪಿಇ 5666ರಲ್ಲಿ, ಪ್ರೊಮಿಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್ 9100ರಲ್ಲಿ ಇರುತ್ತವೆ. ಎಸ್‌ಎನ್‌ಎಂಪಿ (ನೆಟ್‌ವರ್ಕ್ ಮೂಲಕ ಸಾಧನಗಳನ್ನು ಗಮನಿಸುವ ಪ್ರೋಟೊಕಾಲ್) ಆದರೆ ಯುಡಿಪಿ 161. ಬರೀ ಪ್ಯಾಕೇಜ್ ಪಟ್ಟಿ ನಂಬಬೇಡಿ. ನೋಡ್ ಎಕ್ಸ್‌ಪೋರ್ಟರನ್ನು ಎಷ್ಟೋ ಜನ ಟಾರ್ ಫೈಲ್ ಇಳಿಸಿ ಕೈಯಾರೆ ಹಾಕಿರುತ್ತಾರೆ, ಎಪಿಟಿಗೆ (ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಟೂಲ್) ಅದರ ಸುಳಿವೇ ಇರುವುದಿಲ್ಲ.

ಟೆಸ್ಟ್ ಮಾಡುವಾಗ ಜಾಸ್ತಿ ಜನ ಎಡವೋದು ಜ್ಯಾಬಿಕ್ಸ್‌ನಲ್ಲಿ. ಅದೇ ಮಷಿನ್ನಿಂದ ಜ್ಯಾಬಿಕ್ಸ್ ಗೆಟ್ (ಏಜೆಂಟನ್ನು ಪ್ರಶ್ನಿಸುವ ಕಮಾಂಡ್) ಮೂಲಕ 'ಏಜೆಂಟ್ ಪಿಂಗ್' ಕೇಳಿದರೆ 1 ಅಂತ ಬರಬೇಕು. ಬರದಿದ್ದರೆ ಏಜೆಂಟ್ ಸತ್ತಿದೆ ಅಂದುಕೊಳ್ಳಬೇಡಿ. ಕಾನ್ಫಿಗ್ ಫೈಲ್‌ನ 'ಸರ್ವರ್' ಸಾಲಿನಲ್ಲಿ ಇರುವ ವಿಳಾಸಗಳಿಗೆ ಮಾತ್ರ ಅದು ಉತ್ತರ ಕೊಡುತ್ತದೆ, 127.0.0.1 ಅಲ್ಲಿ ಇಲ್ಲದಿದ್ದರೆ ನಿಮ್ಮನ್ನೂ ಹೊರಗೆ ಹಾಕುತ್ತದೆ. 'ಸರ್ವರ್ ಆಕ್ಟಿವ್' ಸಾಲನ್ನೂ ನೋಡಿ. ಅದಿದ್ದರೆ ಏಜೆಂಟೇ ಹೊರಟು ಜ್ಯಾಬಿಕ್ಸ್ ಸರ್ವರ್‌ನ 10051ಕ್ಕೆ ಮಾಹಿತಿ ಕಳಿಸುತ್ತಿರಬಹುದು. ಹಾಗಾಗಿ ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿ ತೋರಿಸುವ ಟಿಸಿಪಿಡಂಪನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟು, ಒಳಗೆ ಬರುವ ಮತ್ತು ಹೊರಗೆ ಹೋಗುವ ಎರಡೂ ದಿಕ್ಕು ಗಮನಿಸಿ. ಆಚೆ ಕಡೆ ಯಾರಿದ್ದಾರೆ ಅಂತ ಅದರ ಐಪಿಯೇ ಹೇಳುತ್ತದೆ.

ಬೇಡ ಅಂತ ಖಾತ್ರಿ ಆಯ್ತಾ? ಮೊದಲು ಮಾನಿಟರಿಂಗ್ ಸರ್ವರ್‌ನಲ್ಲಿ ಈ ಹೋಸ್ಟ್‌ನ (ಅಂದರೆ ನಿಮ್ಮ ಸರ್ವರ್‌ನ) ಮಾನಿಟರಿಂಗ್ ನಿಲ್ಲಿಸಿ. ಇಲ್ಲದಿದ್ದರೆ ರಾತ್ರಿ ಡ್ಯೂಟಿಯಲ್ಲಿ ಇರುವವರಿಗೆ 'ಸರ್ವರ್ ಡೌನ್' ಅಂತ ಅಲರ್ಟ್ ಹೋಗುತ್ತದೆ, ಬೈಗುಳ ನಿಮಗೆ ಬರುತ್ತದೆ. ಆಮೇಲೆ ಸಿಸ್ಟಮ್‌ಸಿಟಿಎಲ್‌ನಲ್ಲಿ ಸರ್ವೀಸ್ ನಿಲ್ಲಿಸಿ, ಡಿಸೇಬಲ್ ಮಾಡಿ. ಕೆಲವು ದಿನ ಹಾಗೇ ಬಿಡಿ. ತಿಂಗಳ ಕೊನೆಯ ರಿಪೋರ್ಟ್‌ಗೆ ಅದನ್ನೇ ನಂಬಿದವರು ಯಾರಾದರೂ ಇದ್ದೇ ಇರುತ್ತಾರೆ, ಅಲ್ವಾ? ತಿಂಗಳು ದಾಟಲಿ ಅನ್ನೋದು ನನ್ನ ಸಲಹೆ.

ಉಬುಂಟು, ಡೆಬಿಯನ್‌ನಲ್ಲಿ ರಿಮೂವ್ ಬದಲು ಪರ್ಜ್ ಕೊಡಿ. ರಿಮೂವ್ ಕೊಟ್ಟರೆ ಕಾನ್ಫಿಗ್ ಫೈಲ್‌ಗಳು ಹಾಗೇ ಉಳಿಯುತ್ತವೆ. ಕೈಯಾರೆ ಹಾಕಿದ್ದರೆ ಬೈನರಿ ಮತ್ತು ಸಿಸ್ಟಮ್‌ಡಿ ಯೂನಿಟ್ ಫೈಲ್ ಅಳಿಸಿ, ಡೀಮನ್ ರೀಲೋಡ್ ಮಾಡಿ. ಫೈರ್‌ವಾಲ್‌ನಲ್ಲಿ ತೆರೆದಿಟ್ಟ ಪೋರ್ಟನ್ನೂ ಮುಚ್ಚಿ.

ನನಗೆ ಜಾಸ್ತಿ ಭಯ ಇರೋದು ಸುಡೋಯರ್ಸ್ (ಯಾರು ರೂಟ್ ಅಧಿಕಾರ ಬಳಸಬಹುದು ಅಂತ ಬರೆದಿಡುವ ಫೈಲ್) ಬಗ್ಗೆ. ಎನ್‌ಆರ್‌ಪಿಇ ಚೆಕ್‌ಗಳಿಗಾಗಿ ನ್ಯಾಗಿಯೋಸ್ ಯೂಸರ್‌ಗೆ ಪಾಸ್‌ವರ್ಡ್ ಇಲ್ಲದೆ ರೂಟ್ ಕೆಲಸ ಮಾಡುವ ಅನುಮತಿ ಕೊಟ್ಟಿರುತ್ತಾರೆ. ಪ್ಯಾಕೇಜ್ ಹೋದರೂ ಕೈಯಿಂದ ಬರೆದ ಆ ಸಾಲು ಹೋಗುವುದಿಲ್ಲ. ಹುಡುಕಿ ತೆಗೆಯಿರಿ. ಯೂಸರನ್ನು ಅಳಿಸುವ ಮುಂಚೆ ಮಾತ್ರ ಬೇರೆ ಸರ್ವೀಸ್ ಅದೇ ಹೆಸರಲ್ಲಿ ಓಡುತ್ತಿಲ್ಲ ಅಂತ ನೋಡಿಕೊಳ್ಳಿ.

ಮರುದಿನ ಮತ್ತೊಮ್ಮೆ ಎಸ್‌ಎಸ್ ಓಡಿಸಿ. ಏಜೆಂಟ್ ವಾಪಸ್ ಬಂದಿದ್ದರೆ ಅನ್ಸಿಬಲ್ ಅಥವಾ ಪಪೆಟ್‌ನಂಥ, ಸರ್ವರ್‌ಗಳನ್ನು ತಾನಾಗಿ ಸೆಟಪ್ ಮಾಡುವ ಟೂಲ್ ಅದನ್ನು ಮತ್ತೆ ಹಾಕಿರಬಹುದು. ಆಗ ತೆಗೆಯಬೇಕಾದದ್ದು ಅಲ್ಲಿಂದ.