ಪೆಟ್ಟಿಗೆ ಮೇಲೆ ಬಾಸ್, ಕೆರೆಯಲ್ಲಿ ಕೊರವ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಮಾವನ ಕಾಫಿ ತೋಟದಲ್ಲಿ ಒಂದು ಕೆರೆ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿದರೆ ನೀರು ಅರ್ಧಕ್ಕೆ ಇಳಿಯುತ್ತದೆ. ನೈದಿಲೆ ಎಲೆಗಳು ಒತ್ತೊತ್ತಾಗಿ ಕೂರುತ್ತವೆ. ಅವುಗಳ ನಡುವೆ ಆಗಾಗ ‘ಗುಳುಕ್’ ಅಂತ ಸದ್ದು. ಕೊರವ ಮೀನು ಉಸಿರಿಗೆ ಮೇಲೆ ಬಂದು ಹೋಯಿತು ಅಂತ ಅರ್ಥ. ಅದಕ್ಕೆ ಕಿವಿರು ಮಾತ್ರ ಸಾಲದು. ಕಿವಿರಿನ ಮೇಲ್ಗಡೆ ಗಾಳಿ ತುಂಬಿಕೊಳ್ಳುವ ಗೂಡೊಂದಿದೆ. ಮೇಲೆ ಬರಲು ಬಿಡದಿದ್ದರೆ ಕೊರವ ನೀರಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಇದನ್ನು ಹಿಡಿಯಲೆಂದು ಗಾಳದ ಒಂದು ಸೆಟ್ ತಂದೆ. ಪೆಟ್ಟಿಗೆ ಮೇಲೆ ಬಾಸ್ ಮೀನಿನ ಚಿತ್ರ. ಒಳಗೆ ಬಳುಕುವ ರಾಡ್, ತೆಳು ನೈಲಾನ್ ದಾರ, ಮೂರು ಮೊನೆಯ ಗಾಳಗಳು ತೂಗುವ ಪ್ಲಾಸ್ಟಿಕ್ ಮೀನು. ಮೊದಲ ಎಸೆತವೇ ನೈದಿಲೆ ದಂಟಿಗೆ ಸಿಕ್ಕಿಕೊಂಡಿತು. ಆಮೇಲೊಂದು ಕೊರವ ಕಚ್ಚಿತು. ಕಚ್ಚಿದ್ದೇ ದಂಟುಗಳ ಒಳಗೆ ನುಗ್ಗಿತು, ದಾರ ತುಂಡಾಯಿತು. ಬಾಯಲ್ಲಿ ಗಾಳ ಇಟ್ಟುಕೊಂಡೇ ಹೋಯಿತಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ದೊಡ್ಡಬಾಯಿ ಬಾಸ್ ಉತ್ತರ ಅಮೆರಿಕದ ಮೀನು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ ಬಾಸ್ ಸುಮಾರು 10 ಕಿಲೋ ಇತ್ತು. ಅದಕ್ಕೆ ಸರಿಸಮವಾದದ್ದು ಸಿಕ್ಕಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ. ಕೊರವಕ್ಕೂ ಬಾಸ್‌ಗೂ ಹತ್ತಿರದ ನೆಂಟಸ್ತಿಕೆ ಇಲ್ಲ. ಆದರೆ ಬೇಟೆಯ ರೀತಿ ತುಂಬಾ ಹೋಲುತ್ತದೆ. ಎರಡೂ ಜೊಂಡಿನ ಮರೆಯಲ್ಲಿ ಅಲ್ಲಾಡದೆ ಕಾಯುತ್ತವೆ. ಕಪ್ಪೆಯೋ ಮರಿಮೀನೋ ಹತ್ತಿರ ಬಂದರೆ ಒಮ್ಮೆಗೇ ಮೇಲೆ ಬೀಳುತ್ತವೆ. ಹಾಗಾಗಿ ಬಾಸ್ ಸಲಕರಣೆ ನಮ್ಮ ಕೆರೆಗೂ ಒಗ್ಗುತ್ತದೆ. ಆದರೆ ಬಾಸ್‌ಗೇ ಹಲವು ಬಗೆಯ ಸೆಟ್‌ಗಳಿವೆ. ತೆರೆದ ನೀರಿನದ್ದು ಬೇರೆ, ಜೊಂಡಿನದ್ದು ಬೇರೆ. ನಾನು ತಂದದ್ದು ತೆರೆದ ನೀರಿನದ್ದು.

ದಾರದಿಂದ ಶುರು ಮಾಡೋಣ. ನಾವು ತಂಗೂಸಿ ಅನ್ನುವ ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ. ಅದರೊಳಗಿನ ಉದ್ದುದ್ದ ಅಣುಸರಪಳಿಗಳು ಬಾಚದ ಕೂದಲಿನ ಹಾಗೆ ಅಲ್ಲಲ್ಲಿ ಸುತ್ತಿಕೊಂಡಿರುತ್ತವೆ. ಎಳೆದಾಗ ಆ ಸುತ್ತು ಬಿಚ್ಚಿಕೊಳ್ಳುತ್ತದೆ. ಇಪ್ಪತ್ತು ಮೀಟರ್ ಆಚೆ ಮೀನು ಕಚ್ಚಿದಾಗ ನಾವು ಜಗ್ಗಿದ ಜಗ್ಗು ಆ ಹಿಗ್ಗುವಿಕೆಯಲ್ಲೇ ಖರ್ಚಾಗಿಬಿಡುತ್ತದೆ. ಕೊರವದ ಬಾಯಿ ಗಟ್ಟಿ ಮೂಳೆ, ಗಾಳ ನೆಡುವುದೇ ಇಲ್ಲ. ಹೆಣೆದ ದಾರ ಪಾಲಿಥಿಲೀನ್‌ನದ್ದು. ಅದರಲ್ಲಿ ಸರಪಳಿಗಳು ಚೆನ್ನಾಗಿ ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ ಇರುತ್ತವೆ, ಹಿಗ್ಗುವುದು ತೀರಾ ಕಮ್ಮಿ. ಜೊಂಡಿನ ಕೆರೆಗೆ 40–50 ಪೌಂಡ್ ಎಳೆತ ತಡೆಯುವ ಹೆಣೆದ ದಾರ ಬೇಕು. ಅಷ್ಟು ದೊಡ್ಡ ಮೀನು ಸಿಗುತ್ತದೆ ಅಂತಲ್ಲ, ಮೀನಿನ ಜೊತೆ ಒಂದು ಹೊರೆ ದಂಟೂ ಬರುತ್ತದಲ್ವಾ!

ಇನ್ನು ರಾಡ್. ರಾಡ್ ಅಂದರೆ ಸನ್ನೆಗೋಲು. ಆದರೆ ಇಲ್ಲಿ ಅನುಕೂಲ ಮೀನಿನ ಕಡೆಗೆ. ನೆಟ್ಟಗಿರುವ ಎರಡು ಮೀಟರ್ ರಾಡ್‌ನ ತುದಿಯನ್ನು ಮೀನು ಒಂದು ಕಿಲೋ ಬಲದಲ್ಲಿ ಅಡ್ಡಕ್ಕೆ ಎಳೆಯಿತು ಅಂದುಕೊಳ್ಳಿ. ನಮ್ಮ ಎರಡು ಕೈಗಳ ನಡುವೆ ಇರುವುದು ಸುಮಾರು 30 ಸೆಂಟಿಮೀಟರ್. ಹಾಗಾಗಿ ಮುಂದಿನ ಕೈ ಆರೇಳು ಕಿಲೋ ಬಲ ಹಾಕಬೇಕು. ರಾಡ್ ಬಾಗಿದಷ್ಟೂ ಈ ಸನ್ನೆಯ ಉದ್ದ ಕಮ್ಮಿಯಾಗಿ ಕೈ ಹಗುರಾಗುತ್ತದೆ. ಅದಕ್ಕೇ ತುದಿ ಮಾತ್ರ ಬಾಗಿ, ಬುಡ ಬಿಗಿಯಾಗಿರುವ ಏಳಡಿ ರಾಡ್ ಒಳ್ಳೆಯದು. ತುದಿಯ ಬಾಗು ಎಸೆಯಲು, ಬುಡದ ಬಿಗಿ ಮೀನನ್ನು ದಂಟಿನಿಂದ ಹೊರಗೆಳೆಯಲು. ಚಿಕ್ಕವರಿದ್ದಾಗ ಎರೆಹುಳ ಚುಚ್ಚಿ ಕೂರುತ್ತಿದ್ದ ವಾಟೆ ಕೋಲು ಪೂರ್ತಿ ಬಳುಕುತ್ತಿತ್ತು. ಸಣ್ಣ ಮೀನಿಗೆ ಅದೇ ಸರಿ.

ದಾರ ಸುತ್ತುವ ರೀಲಿನ ಬಿಗಿ ಅಳೆಯುವುದು ಸುಲಭ. ತೆರೆದ ನೀರಿನಲ್ಲಿ ದಾರದ ಬಲದ ಮೂರರಲ್ಲೊಂದು ಪಾಲಿಗೆ ರೀಲ್ ಜಾರಿ ದಾರ ಬಿಟ್ಟರೆ ಸಾಕು. 10 ಕಿಲೋ ದಾರವಾದರೆ ಮೂರು ಲೀಟರ್ ನೀರಿನ ಕ್ಯಾನ್ ತೂಗುಹಾಕಿ. ಕ್ಯಾನ್ ನಿಧಾನಕ್ಕೆ ಕೆಳಗಿಳಿಯುವಷ್ಟು ಬಿಗಿ ಮಾಡಿ. ಜೊಂಡಿನಲ್ಲಿ ಇನ್ನೂ ಜಾಸ್ತಿ ಬಿಗಿ ಬೇಕು, ದಾರ ಬಿಟ್ಟರೆ ಮೀನು ಬೇರಿನೊಳಗೆ ಹೋಗುತ್ತದೆ.

ದುಬಾರೆ, ವಾಲ್ನೂರು ಕಡೆ ಕಾವೇರಿಯ ಲೆಕ್ಕವೇ ಬೇರೆ. ಅಲ್ಲಿ ಬಂಡೆಗಳು, ಹೆಣೆದ ದಾರ ಉಜ್ಜಿದರೆ ಬೇಗ ಹರಿಯುತ್ತದೆ. ಆ ಹೊಳೆಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಮೀನುಗಳ ಪಟ್ಟಿಗೆ ಸೇರಿತು. ಅಲ್ಲಿ ನಾನು ಗಾಳ ಹಾಕುವುದಿಲ್ಲ.

ಕೆರೆಯಲ್ಲೂ ಮಳೆಗಾಲದಲ್ಲಿ ಹಾಕುವುದಿಲ್ಲ. ಆಗ ಕೊರವದ ಕೆಂಪು ಮರಿಗಳು ನೀರ ಮೇಲೆ ಗುಂಪಾಗಿ ಕುದಿಯುತ್ತಿರುತ್ತವೆ, ಕೆಳಗೆ ತಂದೆತಾಯಿ ಕಾವಲಿರುತ್ತವೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತವೆ, ಹಿಡಿಯುವುದು ಸುಲಭ. ಹಿಡಿದರೆ ಆ ಮರಿಗಳಿಗೆ ದಿಕ್ಕಿಲ್ಲ.

ಈಗ ನನ್ನ ದಾರದ ತುದಿಯಲ್ಲಿರುವುದು ರಬ್ಬರ್ ಕಪ್ಪೆ. ಎರಡು ಗಾಳದ ಮೊನೆಗಳೂ ಅದರ ಬೆನ್ನಿಗೆ ಒತ್ತಿಕೊಂಡಿವೆ, ಎಲೆ ಮೇಲೆ ಸಲೀಸಾಗಿ ಜಾರುತ್ತದೆ. ಮೀನು ಕಚ್ಚಿ ಕಪ್ಪೆ ಅಮುಕಿದಾಗ ಮಾತ್ರ ಮೊನೆ ಹೊರಗೆ ಬರುತ್ತದೆ. ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ್ದೇನೆ, ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ನೀರು ಸಿಡಿದು ಕಪ್ಪೆ ಮಾಯವಾದ ತಕ್ಷಣ ಎಳೆಯಬೇಡಿ. ಕೊರವ ಅದನ್ನು ಬಾಯೊಳಗೆ ಸರಿಯಾಗಿ ತೆಗೆದುಕೊಳ್ಳಲಿ. ದಾರದಲ್ಲಿ ಭಾರ ಗೊತ್ತಾದ ಮೇಲೆ ಗಟ್ಟಿಯಾಗಿ ಜಗ್ಗಿ.