ಹೊಟ್ಟೆಯೊಳಗಿನ ಉಸಿರು: ನಿಕೋಟಿನ್ ಎದುರು ವಿಟಮಿನ್ ಸಿ

ಹುಟ್ಟಿ ಮೂರು ದಿನ ತುಂಬುವ ಮೊದಲೇ ಮಗುವಿನ ಉಸಿರನ್ನು ಅಳೆಯಬಹುದು. ಅದು ನಿದ್ದೆಯಲ್ಲಿದ್ದಾಗ ಮೂಗು, ಬಾಯಿ ಮುಚ್ಚುವಂತೆ ಪುಟ್ಟದೊಂದು ಮಾಸ್ಕ್ ಇಡುತ್ತಾರೆ. ಹೊರಬರುವ ಗಾಳಿಯ ವೇಗ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಉಸಿರು ಬಿಡುವ ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ಕಳೆದಾಗ ಆ ತುದಿ ಬಂತು ಅನ್ನೋದನ್ನೇ ನೋಡುವುದು. ಉಸಿರುನಾಳ ಕಿರಿದಾಗಿದ್ದರೆ ಅದು ತೀರಾ ಬೇಗ ಬಂದುಬಿಡುತ್ತದೆ. ಬಸುರಿನಲ್ಲಿ ಸಿಗರೇಟು ಸೇದಿದ ತಾಯಂದಿರ ಮಕ್ಕಳಲ್ಲಿ ಹೀಗಾಗುವುದು ಜಾಸ್ತಿ.

ಹೊಟ್ಟೆಯಲ್ಲಿರುವ ಮಗು ಗಾಳಿಯನ್ನೇ ಎಳೆದುಕೊಳ್ಳುವುದಿಲ್ಲ, ಅಲ್ವಾ? ಮತ್ತೆ ಅದರ ಶ್ವಾಸಕೋಶ ಕೆಡುವುದು ಹೇಗೆ? ತಾಯಿಯ ರಕ್ತ ಸೇರಿದ ನಿಕೋಟಿನ್ ಮಾಸನ್ನು (ಪ್ಲಾಸೆಂಟಾ) ಸಲೀಸಾಗಿ ದಾಟುತ್ತದೆ. ಮಗು ತೇಲುತ್ತಿರುವ ನೀರಿನಲ್ಲೂ ಸೇರಿಕೊಳ್ಳುತ್ತದೆ. ನಮ್ಮ ಜೀವಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಂದು ಕೂರಲೆಂದೇ ಗ್ರಾಹಕಗಳಿವೆ. ನಿಕೋಟಿನ್ ಆ ಜಾಗಕ್ಕೇ ಬಂದು ಕೂರುತ್ತದೆ. ಈ ಗ್ರಾಹಕಗಳು ಮಿದುಳಿನಲ್ಲಿ ಮಾತ್ರವಲ್ಲ, ಬೆಳೆಯುತ್ತಿರುವ ಶ್ವಾಸಕೋಶದಲ್ಲೂ ಇವೆ. ಅಲ್ಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸುಳ್ಳು ಸಂದೇಶ ಹೋಗುತ್ತಿರುತ್ತದೆ. ಉಸಿರುನಾಳದ ಗೋಡೆಯಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚುತ್ತದೆ, ಗಾಳಿ ಸರಾಗವಾಗಿ ಹೊರಬರುವುದಿಲ್ಲ.

ಹೊಗೆಸೊಪ್ಪು ಎಂಬ ನಮ್ಮ ಹಳೆಯ ಹೆಸರು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಜಗಿದರೆ ಹೊಗೆ ಇಲ್ಲ, ನಿಕೋಟಿನ್ ಇದ್ದೇ ಇದೆ. ಇ-ಸಿಗರೇಟಿನ ಕಥೆಯೂ ಅದೇ.

ಹೊಗೆಯನ್ನು ಬದಿಗಿಟ್ಟು ನಿಕೋಟಿನ್ ಒಂದನ್ನೇ ಪರೀಕ್ಷಿಸಿದವರು ಅಮೆರಿಕದ ಒರೆಗಾನ್‌ನ ಎಲಿಯಟ್ ಸ್ಪಿಂಡೆಲ್ ಮತ್ತು ಸಂಗಡಿಗರು. ಬಸುರಿ ಕೋತಿಗಳಿಗೆ ನಿಕೋಟಿನ್ ಕೊಟ್ಟರು, ಕೆಲವಕ್ಕೆ ಜೊತೆಯಲ್ಲಿ ವಿಟಮಿನ್ ಸಿ ಕೂಡ. 2005ರಲ್ಲಿ ಫಲಿತಾಂಶ ಬಂತು. ಬರೀ ನಿಕೋಟಿನ್ ತಾಗಿದ ಮರಿಗಳ ಉಸಿರಿನ ಹರಿವು ಕುಗ್ಗಿತ್ತು. ವಿಟಮಿನ್ ಸಿ ಸಿಕ್ಕವುಗಳಲ್ಲಿ ಆ ನಷ್ಟ ತಪ್ಪಿತ್ತು.

ಮುಂದಿನ ಹೆಜ್ಜೆ ಮನುಷ್ಯರದು. ಒರೆಗಾನ್‌ನವರೇ ಆದ ವೈದ್ಯೆ ಸಿಂಡಿ ಮೆಕ್‌ಎವೊಯ್ ಅವರ ತಂಡ ಸಿಗರೇಟು ಬಿಡಲಾಗದ ಗರ್ಭಿಣಿಯರನ್ನು ಸೇರಿಸಿಕೊಂಡಿತು. ಬಿಡಿ ಎಂದು ಹೇಳುತ್ತಲೇ, ಅರ್ಧದಷ್ಟು ಮಂದಿಗೆ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ ಕೊಟ್ಟಿತು. 2014ರ ವರದಿಯಲ್ಲಿ, ಮೊದಲು ಹೇಳಿದ ಆ ಮಾಸ್ಕ್ ಅಳತೆ ವಿಟಮಿನ್ ಗುಂಪಿನ ಮಕ್ಕಳಲ್ಲಿ 0.383, ಹುಸಿ ಮಾತ್ರೆಯ ಗುಂಪಿನಲ್ಲಿ 0.345. ದಶಾಂಶದಲ್ಲಿ ನೋಡಿದರೆ ಇದೇನು ದೊಡ್ಡದು ಅನಿಸಬಹುದು. ಆದರೆ ಡಾಕ್ಟರು ವೀಸಿಂಗ್ ಎನ್ನುವ ಸುಂಯ್‌ಗುಟ್ಟುವ ಉಸಿರು ಮೊದಲ ವರ್ಷದಲ್ಲಿ ಹುಸಿ ಮಾತ್ರೆಯ ಗುಂಪಿನ ಶೇ. 40 ಮಕ್ಕಳಲ್ಲಿ ಕಂಡರೆ, ವಿಟಮಿನ್ ಗುಂಪಿನಲ್ಲಿ ಶೇ. 21ರಲ್ಲಿ ಮಾತ್ರ. ಹೆತ್ತವರ ನಿದ್ದೆಗೆಡಿಸುವುದು ಆ ಸದ್ದೇ ತಾನೇ.

251 ಗರ್ಭಿಣಿಯರಿದ್ದ ಎರಡನೇ ಪ್ರಯೋಗ ಅಷ್ಟು ಸಲೀಸಾಗಲಿಲ್ಲ. ಮಕ್ಕಳಿಗೆ ಮೂರು ತಿಂಗಳಾದಾಗ ಮುಖ್ಯ ಅಳತೆಯಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಐದು ವರ್ಷಕ್ಕೆ ಮತ್ತೆ ಅಳೆದಾಗ ಎದ್ದು ಕಂಡಿತು: ವೀಸಿಂಗ್ ವಿಟಮಿನ್ ಗುಂಪಿನಲ್ಲಿ ಶೇ. 28, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ. 47. ಮಾತ್ರೆ ನುಂಗಿದ್ದು ತಾಯಿ, ಅದೂ ಕೆಲವೇ ತಿಂಗಳು. ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಇದು.

ವಿಟಮಿನ್ ಸಿ ನಿಕೋಟಿನ್ನಿನ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಜೀವಕೋಶಗಳನ್ನು ಕೆರಳಿಸುವ ಆಮ್ಲಜನಕದ ಪುಂಡ ಅಣುಗಳನ್ನು ತಣ್ಣಗಾಗಿಸುತ್ತದೆ. ಸಿಗರೇಟು ಸೇದುವವರಲ್ಲಿ ಇದು ಬೇಗ ಖರ್ಚಾಗುತ್ತದೆ. ಅಮೆರಿಕದ ಪೋಷಣೆಯ ಶಿಫಾರಸು ಅವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕು ಎನ್ನುವುದು ಇದಕ್ಕೇ.

ಬೇರೆ ಅಂಗಗಳ ಮಾತು ಬಂದರೆ ನಾವಿನ್ನೂ ಇಲಿಗಳ ಹತ್ತಿರವೇ ಇದ್ದೇವೆ. ನಿಕೋಟಿನ್ ತಾಗಿದ ಇಲಿಮರಿಗಳಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಸಾಯುತ್ತವೆ. ತಾಯಿ ಇಲಿಗೆ ವಿಟಮಿನ್ ಇ ಸೇರಿದ, ಅದೇ ಪುಂಡ ಅಣುಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಿಶ್ರಣ ತಿನ್ನಿಸಿದಾಗ ಅವು ಉಳಿದವು. ಹಾಗಂತ ಇ, ಸಿ ಎರಡನ್ನೂ ಕೂಡಿಸಿ ನುಂಗಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳುವಂತಿಲ್ಲ. ಬಸುರಿನಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ತಡೆಯಲೆಂದು ಬ್ರಿಟನ್ನಿನಲ್ಲಿ ಅದನ್ನೇ ಮಾಡಿ ನೋಡಿದ್ದರು. ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ. 2006ರಲ್ಲಿ ಬಂದ ಫಲಿತಾಂಶ: ತೊಂದರೆ ತಪ್ಪಲಿಲ್ಲ, ತೂಕ ಕಡಿಮೆಯಿರುವ ಮಕ್ಕಳು ವಿಟಮಿನ್ ನುಂಗಿದವರಿಗೇ ಹೆಚ್ಚು ಹುಟ್ಟಿದ್ದವು.